ಹೊನ್ನೂರಪ್ಪ ಮಾಸ್ತರು ಕತ್ತರಿಸಿದ ಕವಚ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವರು ಇಬ್ಬರು. ಒಬ್ಬ ನಮ್ಮ ಸೋದರಮಾವ ವೀರೇಶ. ಇನ್ನೊಬ್ಬರು ಬಳ್ಳಾರಿಯ ಜೀನ್ಸ್ ಯೂನಿಟ್ಟೊಂದರಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹೊನ್ನೂರಪ್ಪ ಮಾಸ್ತರು. ಮಾವ ‘ಆಗಂಗಿಲ್ಲ’ ಅಂದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತಿದ್ದ. ಮಾಸ್ತರು ‘ಆಗಂಗಿಲ್ಲ’ ಅನ್ನುವ ಹೊತ್ತಿಗೆ ಅವರ ಬಲಗೈ ಎದೆಯ ಜೇಬಿನಲ್ಲಿ ಸೀಮೆಸುಣ್ಣ ಹುಡುಕುತ್ತಿರುತ್ತಿತ್ತು. ಬಾಯಿ ಬೇಡ ಅನ್ನುತ್ತಿತ್ತು, ಕೈ ಅಳತೆ ತೆಗೆಯುತ್ತಿತ್ತು. ಯೂನಿಟ್ಟಿನ ಹೆಂಗಸರು ಯಾರೂ ಅವರ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು.

ನಮ್ಮವ್ವ ಹುಲಿಗೆಮ್ಮ ಅದೇ ಯೂನಿಟ್ಟಿನ ಚೆಕಿಂಗ್ ಟೇಬಲ್ಲಿನಾಕಿ. ಹೊಲಿದು ಬಂದ ಪ್ಯಾಂಟನ್ನು ಒಳಹೊರಗೆ ತಿರುವಿ, ಉಳಿದ ದಾರ ಕತ್ತರಿಸಿ, ತಪ್ಪು ಕಂಡರೆ ವಾಪಸ್ ಎಸೆಯುವುದು ಆಕೆಯ ಕೆಲಸ. ದಿನಾ ಮುಂಜಾನೆ ಕುರುಗೋಡಿನಲ್ಲಿ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು. ಆಕೆ ಯೂನಿಟ್ಟಿಗೆ, ನಾನು ಕಾಲೇಜಿಗೆ. ನಮ್ಮ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದವರೇ ಇರಲಿಲ್ಲ. ನಾನು ವಸ್ತ್ರವಿನ್ಯಾಸದ ಡಿಗ್ರಿಗೆ ಸೇರಿದಾಗ ಮಾವ, “ಹೊಲಿಯಾಕ ಡಿಗ್ರಿ ಯಾಕಲೇ? ನಿಮ್ಮವ್ವಗ ಯಾವ ಡಿಗ್ರಿ ಐತಿ?” ಅಂದಿದ್ದ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾನು ಫೇಲಾದಾಗ ಆ ಮಾತಿಗೆ ಕಾಲು ಬಂದವು, ಊರೆಲ್ಲ ತಿರುಗಾಡಿತು.

ಪ್ರಾಜೆಕ್ಟಿನ ವಿಷಯವನ್ನು ಚೀಟಿ ಎತ್ತಿ ತೆಗೆಯಬೇಕಿತ್ತು. ಗೆಳತಿಯರಿಗೆ ಮದುವೆ ಲಂಗ, ಸಾಲಿ ಯೂನಿಫಾರ್ಮು ಬಂದವು. ನನಗೆ ಬಂದದ್ದು ಹೀಗಿತ್ತು: ‘ವೈಜ್ಞಾನಿಕ ಕಥೆಯೊಂದರ ಬೇರೊಂದು ಗ್ರಹದಲ್ಲಿ, ಸೈನ್ಯಕ್ಕಿಂತ ಮುಂದೆ ಹೋಗಿ ನೋಡಿಕೊಂಡು ಬರುವ ಬೇಹುಗಾರರ ತುಕಡಿಗೆ ಕವಚ ಮತ್ತು ಸಲಕರಣೆ ಆಯ್ಕೆ ಮಾಡಿ, ಒಂದು ಉಡುಪು ಹೊಲಿದು ತೋರಿಸಿ.’ ಮೊದಲ ಸಲ ನಾನು ತಲೆಯಿಂದ ಕಾಲಿನವರೆಗೆ ರಟ್ಟು, ಬೆಳ್ಳಿ ಬಣ್ಣದ ಫೋಮು ಅಂಟಿಸಿ ಕವಚ ಮಾಡಿದ್ದೆ. ತೊಟ್ಟುಕೊಂಡ ಹುಡುಗಿಗೆ ಕುರ್ಚಿಯ ಮೇಲೆ ಕೂರಲಿಕ್ಕೇ ಆಗಲಿಲ್ಲ. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಹೋದರೆ ಡಿಗ್ರಿ ಇಲ್ಲ, ಮಾವ ನೋಡಿಟ್ಟಿದ್ದ ಗಂಡಿಗೆ ಹೂಂ ಅನ್ನಬೇಕು. ಅಪ್ಪ ಇಲ್ಲದ ಮನೆಯಲ್ಲಿ ಅವ್ವ ತನ್ನ ತಮ್ಮನಿಗೆ ಅಷ್ಟು ಮಾತು ಕೊಟ್ಟುಬಿಟ್ಟಿದ್ದಳು.

ಅವ್ವನೇ ನನ್ನನ್ನು ಮಾಸ್ತರರ ಮುಂದೆ ನಿಲ್ಲಿಸಿದಳು. ಅವರದು ಸಣಕಲು ಮೈ, ಮೂಗಿನ ತುದಿಯಲ್ಲಿ ಕನ್ನಡಕ. ಕನ್ನಡಕದ ಮುರಿದ ಕಾಲಿಗೆ ಜೀನ್ಸಿನ ಹಳದಿ ದಾರ ಸುತ್ತಿದ್ದರು. ನಾನು ಬರೆದ ಕವಚದ ಚಿತ್ರ ನೋಡಿ, “ಕಾದಮ್ಮಾ, ಇದು ಆಗಂಗಿಲ್ಲ. ಈ ಜನ್ಮದಾಗ ನೀ ಪಾಸಾಗಂಗಿಲ್ಲ,” ಅಂದರು. ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಇಲ್ಲ ಅನ್ನುವುದು ಅವರ ರೂಢಿ. ಆಮೇಲೆ ಕೇಳಿದರು, “ಆ ಗ್ರಹದಾಗ ಏನೇನೈತಿ?”

“ಗಿಡ ಇಲ್ರಿ. ಬರೇ ಕಲ್ಲುಗುಡ್ಡ, ಬಿಸಿಲು, ಕೆಂಪು ಧೂಳು.”

“ಇದಕ್ಕ ರಾಕೆಟ್ ಯಾಕ ಬೇಕಲೇ? ಕುರುಗೋಡು ಬಸ್ಸಿಗೆ ಕೂತ್ರ ಸಾಕಲ್ಲ!”

ಅವ್ವ ಮುಖಕ್ಕೆ ಸೆರಗು ಹಿಡಿದು ನಕ್ಕಳು. ಮಾಸ್ತರರ ಕೈ ಆಗಲೇ ಸೀಮೆಸುಣ್ಣ ಹಿಡಿದಿತ್ತು.

ಅವರ ಕತ್ತರಿಸುವ ಮೇಜಿನ ಪಕ್ಕ ಒಂದು ಮರದ ಸ್ಟೂಲು ಇರುತ್ತಿತ್ತು. ಅದು ಕೂರುವುದಕ್ಕಲ್ಲ. ಹೊಸ ಪ್ಯಾಂಟಿನ ಮಾದರಿ ಹೊಲಿದಾಗ ಯಾರಿಗಾದರೂ ತೊಡಿಸಿ ಆ ಸ್ಟೂಲು ಹತ್ತಿಸುತ್ತಿದ್ದರು. “ನಿಂತ್ರ ಎಲ್ಲಾ ಬಟ್ಟೀನೂ ಚಂದ. ಕುಂದ್ರು, ಬಗ್ಗು, ಬಸ್ ಹತ್ತು. ಆವಾಗ ಬಟ್ಟಿ ಖರೇ ಹೇಳ್ತೈತಿ.” ದೊಡ್ಡ ಸಾಹುಕಾರರನ್ನೂ ಬಿಟ್ಟವರಲ್ಲ. ಯೂನಿಟ್ಟಿನ ಮಾಲೀಕರು ಒಮ್ಮೆ ಬಿಗಿಯಾದ ಪ್ಯಾಂಟು ತೊಟ್ಟು ಸ್ಟೂಲು ಹತ್ತಿ, ಇಳಿಯಲಾರದೆ, “ಮಾಸ್ತರೇ, ಕೈ ಕೊಡ್ರೀ” ಅಂದದ್ದನ್ನು ಹೆಂಗಸರು ಈಗಲೂ ಹೇಳಿಕೊಂಡು ನಗುತ್ತಾರೆ.

ನನಗೂ ಅದೇ ಸ್ಟೂಲು. ನನ್ನ ಬೇಹುಗಾರನ ಸಾಮಾನಿನ ಪಟ್ಟಿ ಓದು ಅಂದರು. ಬಂದೂಕು, ದುರ್ಬೀನು, ರೇಡಿಯೋ, ಹಗ್ಗ, ಡೇರೆ, ಔಷಧ, ವಾರಕ್ಕಾಗುವ ಊಟ ಎಂದು ಓದಿದೆ. ಒಂದೊಂದು ಹೆಸರಿಗೂ ಜೀನ್ಸಿನ ಡೆನಿಮ್ ಬಟ್ಟೆಯ ಒಂದೊಂದು ಸಣ್ಣ ಸುರುಳಿಯನ್ನು ನನ್ನ ಕಾಲೇಜು ಚೀಲಕ್ಕೆ ತುರುಕಿದರು. ತುಂಬಿದ ಮೇಲೆ ಹೆಗಲಿಗೆ ಹಾಕಿದರು.

“ಹತ್ತು. ಇಳಿ. ಹತ್ತು. ಈಗ ಓಡು, ಬಾಗಲ ತನಕ.”

ಬಾಗಿಲು ಮುಟ್ಟುವಷ್ಟರಲ್ಲಿ ಏದುಸಿರು ಬಂತು.

“ಕಾಲೇಜಿಗೆ ಮೊದಲ ದಿನ ಏನೇನ್ ಹೊತ್ಕೊಂಡ್ ಹೋಗಿದ್ದಿ?” ಅಂದರು.

ನಾಚಿಕೆಯಾಯಿತು. ಎಲ್ಲ ಪುಸ್ತಕ, ಕಂಪಾಸು ಪೆಟ್ಟಿಗೆ, ಎರಡು ಡಬ್ಬಿ ರೊಟ್ಟಿ, ಕೊಡೆ, ನೀರಿನ ದೊಡ್ಡ ಬಾಟಲಿ ಹೊತ್ತಿದ್ದೆ. ಏನು ಕೇಳುತ್ತಾರೋ ಗೊತ್ತಿರಲಿಲ್ಲ. ಮನೆಯಲ್ಲಿ ಹೇಳಿಕೊಡುವವರೂ ಇರಲಿಲ್ಲ. ಆ ಭಾರಕ್ಕೆ ಬಸ್ಸಿನ ಹಿಂದೆ ಓಡಲಾಗದೆ ಮೊದಲ ದಿನವೇ ತಡವಾಗಿತ್ತು.

“ಗೊತ್ತಿಲ್ಲದ ಕಡಿಗೆ ಹೋಗೋರು ಹಂಗೇ,” ಅಂದರು ಮಾಸ್ತರು, ಸುರುಳಿಗಳನ್ನು ಒಂದೊಂದಾಗಿ ತೆಗೆಯುತ್ತ. “ನೀರು. ದುರ್ಬೀನು. ಸುದ್ದಿ ಮುಟ್ಟಸಾಕ ರೇಡಿಯೋ. ಮುಗೀತು.”

“ಬಂದೂಕು ಬ್ಯಾಡೇನ್ರೀ?”

“ಕೈಯಾಗ ಬಂದೂಕು ಇದ್ರ ನಿಂತು ಹೊಡ್ಯಾಕ ಮನಸಾಗ್ತೈತಿ. ಅವನ ಕೆಲಸ ನಿಲ್ಲೋದಲ್ಲ ಪಿಲ್ಲಾ, ತಿರುಗಿ ಬರೋದು.”

ಕವಚವನ್ನೂ ಹೀಗೆಯೇ ಕತ್ತರಿಸಿದರು. ನೆಲಕ್ಕೆ ತಾಗುವ ಮೊಣಕಾಲು, ಮೊಣಕೈಗೆ ಗುಜರಿಯಲ್ಲಿ ಸಿಕ್ಕ ಕನ್ವೇಯರ್ ಬೆಲ್ಟಿನ ರಬ್ಬರು. ಬೆನ್ನಿಗೆ ಮೂರು ಪದರ ಡೆನಿಮ್. ಎದೆಗೆ ಏನೂ ಇಲ್ಲ. ಬಟ್ಟೆಯನ್ನು ಕಲ್ಲಿನ ಜೊತೆ ಹಾಕಿ ತೊಳೆಸಿದರು. ಒದ್ದೆ ಇದ್ದಾಗಲೇ ಹೊರಗೆ ಹಿಡಿದು, ಕೋಟೆಗುಡ್ಡದ ಬಂಡೆಯ ಬಣ್ಣಕ್ಕೆ ಕಣ್ಣಳತೆಯಲ್ಲಿ ಹೋಲಿಸಿ, “ಇನ್ನೊಂದು ಸಲ ತೊಳೀರಿ, ಇದಿನ್ನೂ ಪ್ಯಾಂಟಾಗೇ ಐತಿ, ಕಲ್ಲಾಗಿಲ್ಲ,” ಅನ್ನುತ್ತಿದ್ದರು.

ಅವರೂ ತಪ್ಪು ಮಾಡಿದ್ದನ್ನು ನಾನು ನೋಡಿದ್ದೇನೆ. ಉಡುಪನ್ನು ನಿಜವಾಗಿ ಪರೀಕ್ಷಿಸಲು ಒಂದು ಭಾನುವಾರ ನನ್ನನ್ನೂ ಅವ್ವನನ್ನೂ ಸಿರುಗುಪ್ಪದ ಬಸ್ಸು ಹತ್ತಿಸಿ, ತಮ್ಮೂರು ರಾರಾವಿಗೆ ಕರೆದೊಯ್ದರು. ನಾಟಿ ಮಾಡಿದ ಗದ್ದೆಯಲ್ಲಿ ಬೆಳ್ಳಕ್ಕಿಗಳು ಇಳಿದಿದ್ದವು. “ಅವು ಹಾರದಂಗ ಆ ಬದುವಿನ ತನಕ ಹೋಗು. ಹಕ್ಕಿ ಹಾರಿದ್ರ ನಿನ್ನ ಬೇಹುಗಾರ ಸತ್ತ.”

ಬಗ್ಗಿಕೊಂಡು ಹೊರಟೆ. ಅರ್ಧ ದಾರಿಯೂ ಆಗಿರಲಿಲ್ಲ, ಎಲ್ಲ ಒಟ್ಟಿಗೆ ಎದ್ದು ಹಾರಿದವು. ನನ್ನದೇ ತಪ್ಪು ಅಂದುಕೊಂಡು ಅಳು ಬಂತು. ಬದುವಿನ ಮೇಲೆ ಕೂತಿದ್ದ ಅವ್ವ ಮಾತ್ರ ಚೆಕಿಂಗ್ ಟೇಬಲ್ಲಿನ ದನಿಯಲ್ಲಿ ಕೂಗಿದಳು, “ಮಾಸ್ತರೇ, ಇಕಿದಲ್ಲ, ನಿಮ್ದು! ಜೇಬು ನೋಡ್ರಿ!”

ಜೇಬಿನ ಮೂಲೆ ಮೂಲೆಗೂ ತಾಮ್ರದ ಗುಂಡಿಯಂಥ ರಿವೆಟ್ಟು ಹೊಡೆದಿದ್ದರು. ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು. ಬಗ್ಗಿದಾಗ ಒಂದಕ್ಕೊಂದು ತಾಗಿ ಟಿಣ್ ಟಿಣ್ ಅನ್ನುತ್ತಿದ್ದವು. ಕತ್ತರಿ ಹಿಡಿದಾಗಿನಿಂದ ಜೀನ್ಸನ್ನೇ ಕತ್ತರಿಸಿದ ಮನುಷ್ಯ. ರಿವೆಟ್ಟಿಲ್ಲದೆ ಜೇಬು ಹೊಲಿಯಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. ಅಲ್ಲಿಯವರೆಗೆ ನಮಗೂ ಹೊಳೆದಿರಲಿಲ್ಲ. ನಾವೂ ಅದೇ ಜೀನ್ಸಿನ ಮಂದಿ.

ಮಾಸ್ತರು ಹತ್ತಿರ ಬಂದು ಜೇಬು ಮುಟ್ಟಿ ನೋಡಿದರು. ಕನ್ನಡಕ ತೆಗೆದು ಒರೆಸಿದರು. “ಹುಲಿಗೆವ್ವಾ, ನಾ ಕೊಂದುಬಿಟ್ಟಿದ್ದೆ ನೋಡು ಅವನ್ನ,” ಅಂದರು. ಬದುವಿನ ಮೇಲೆಯೇ ಕೂತು, ಚೀಲದಿಂದ ಇಕ್ಕಳ ತೆಗೆದು ರಿವೆಟ್ಟುಗಳನ್ನು ಕಿತ್ತರು. ಅವ್ವ ಸೂಜಿಗೆ ದಪ್ಪ ದಾರ ಪೋಣಿಸಿ ಆ ಮೂಲೆಗಳನ್ನು ಬಿಗಿಯಾಗಿ ಹೊಲಿದಳು. ಮಧ್ಯಾಹ್ನ ಹಕ್ಕಿಗಳು ತಿರುಗಿ ಇಳಿದ ಮೇಲೆ ಮತ್ತೆ ಹೊರಟೆ. ಬದು ಮುಟ್ಟಿದಾಗ ಒಂದು ಬೆಳ್ಳಕ್ಕಿ ಕತ್ತು ತಿರುಗಿಸಿ ನನ್ನನ್ನು ನೋಡಿತು, ಮತ್ತೆ ಹುಳ ಹೆಕ್ಕತೊಡಗಿತು. ಹಿಂದೆ ಮಾಸ್ತರು ಸದ್ದಿಲ್ಲದೆ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು.

ಪರೀಕ್ಷೆಯ ದಿನ ಉಡುಪು ನಾನೇ ತೊಟ್ಟೆ. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಸುತ್ತ ಒಂದು ಸಲ ಬಂದು, “ಎದೆಗೆ ಕವಚವೇ ಇಲ್ಲವಲ್ಲಮ್ಮ, ಬೆನ್ನಿಗೆ ಯಾಕೆ ಇಷ್ಟೊಂದು?” ಎಂದು ಕೇಳಿದರು. ಬರೆದು ಬಾಯಿಪಾಠ ಮಾಡಿಕೊಂಡ ಇಂಗ್ಲಿಷ್ ಎಲ್ಲ ಎಲ್ಲೋ ಹೋಯಿತು. “ಮೇಡಂ, ಅವನು ಎದುರಿಗೆ ನಿಂತು ಬಡಿದಾಡೋನಲ್ರಿ. ಹೋಗುವಾಗ ನೆಲಕ್ಕೆ ಬಗ್ಗಿರ್ತಾನೆ. ಏಟು ಬಿದ್ದರೆ ಬರುವಾಗ ಬೀಳೋದು, ಬೆನ್ನಿಗೆ. ಆವಾಗ ಅವನ ಹತ್ರ ಸುದ್ದಿ ಇರ್ತೈತಿ. ಅವನು ಉಳಿಯಬೇಕು,” ಅಂದೆ. ಅವರು ಪೆನ್ನು ಕೆಳಗಿಟ್ಟು, “ಹಾಗಾದರೆ ತೆವಳಿ ತೋರಿಸಿ,” ಅಂದರು. ಪರೀಕ್ಷೆಯ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ತೆವಳಿದೆ. ಹೇಳದೆಯೇ ತಿರುಗಿ ಬಂದೆ.

ಪಾಸಾದ ಸುದ್ದಿ ತೆಗೆದುಕೊಂಡು ರಾರಾವಿಗೇ ಹೋಗಬೇಕಾಯಿತು. ಅಷ್ಟರಲ್ಲಿ ಮಾಸ್ತರು ಎದೆನೋವೆಂದು ಕೆಲಸ ಬಿಟ್ಟು ಮನೆ ಸೇರಿದ್ದರು. ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಶಭಾಷ್ ಅನ್ನಲಿಲ್ಲ. “ತೆವಳುವಾಗ ಎಡಗಡಿ ಮೊಣಕಾಲಿನ ರಬ್ಬರು ಜರುಗ್ತೇನು?” ಎಂದು ಕೇಳಿದರು. ಸ್ವಲ್ಪ ಜರುಗಿತು ಅಂದೆ. “ಅನಕೊಂಡಿದ್ದೆ. ಅಲ್ಲಿ ಇನ್ನೊಂದು ಹೊಲಿಗಿ ಬೇಕಿತ್ತು,” ಅಂದರು. ಅವತ್ತು ಪೂರ್ತಿ ಅದನ್ನೇ ಯೋಚಿಸಿದರು ಅಂತ ಆಮೇಲೆ ಅವರ ಮನೆಯವರು ಹೇಳಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆಗ. ಫಲಿತಾಂಶಕ್ಕೆ ಇದ್ದವರು ಸರ್ಟಿಫಿಕೇಟಿಗೆ ಉಳಿಯಲಿಲ್ಲ.

ಸರ್ಟಿಫಿಕೇಟು ಕೈಗೆ ಬಂದ ದಿನ ಕಾಲೇಜಿನಿಂದ ನೆಟ್ಟಗೆ ಯೂನಿಟ್ಟಿಗೆ ಹೋದೆ. ಮಾಸ್ತರರ ಮೇಜಿನಲ್ಲಿ ಬೇರೆ ಯಾರೋ ಕತ್ತರಿಸುತ್ತಿದ್ದರು. ಸ್ಟೂಲಿನ ಮೇಲೆ ಯಾರೋ ಊಟದ ಡಬ್ಬಿ ಇಟ್ಟಿದ್ದರು. ಅವ್ವನಿಗೆ ಸರ್ಟಿಫಿಕೇಟು ಚಾಚಿದೆ. ಆಕೆಯ ಕೈ ಡೆನಿಮ್ಮಿನ ಬಣ್ಣಕ್ಕೆ ನೀಲಿಯಾಗಿತ್ತು. ಸೆರಗಿಗೆ ಎರಡು ಸಲ ಒರೆಸಿಕೊಂಡು, ಅಂಚಿನಲ್ಲಷ್ಟೇ ಹಿಡಿದಳು. ಓದಲು ಬಾರದು. ಮುಂದೆ ನೋಡಿದಳು, ತಿರುವಿ ಹಿಂದೆ ನೋಡಿದಳು, ಮೂಲೆ ಮೂಲೆ ನೋಡಿದಳು. ವಾಪಸ್ ಎಸೆಯುವಂಥದ್ದೇನೂ ಸಿಗಲಿಲ್ಲ. ಆಮೇಲೆ ಆ ಮೇಜಿನ ಕಡೆ ತಿರುಗಿ ಅಂದಳು:

“ಮಾಸ್ತರು ಇದ್ದಿದ್ರ, ಇದಕ್ಕ ಗಾಜಿನ ಕಟ್ಟು ಹಾಕಸಾಕ ಆಗಂಗಿಲ್ಲ ಅಂತಿದ್ರು. ಅನಕೋತ ಅಳತಿ ತಗೋತಿದ್ರು.”