ಕ್ಯೋಟೋದ ಆ ಭಾನುವಾರ

ಬೆಳಗ್ಗೆ ದೋಹಾದಾಚೆಯ ಅಲ್ ಖೋರ್‌ನ ನಮ್ಮ ಮನೆಯೆದುರು ಕಂಪನಿ ಬಸ್ಸು ನಿಂತು 'ಸ್ಸ್' ಎಂದು ಗಾಳಿ ಬಿಟ್ಟರೆ ಸಾಕು, ಇವತ್ತಿಗೂ ನಾನು ದಡಕ್ಕನೆ ಎದ್ದು ನಿಲ್ಲುತ್ತೇನೆ. ಈಗ ಆ ಬಸ್ಸಿಗೆ ಓಡುವವಳು ನಾನು. ನಾನು ಚಿಕ್ಕವಳಿದ್ದಾಗ ಓಡುತ್ತಿದ್ದವರು ಅಪ್ಪ. ದೋಹಾದ ಅಲ್ ಹಿಲಾಲ್‌ನಲ್ಲಿ ಎರಡು ಕೋಣೆಯ ಮನೆ ನಮ್ಮದು. ಒಳಗೆ ಅಮ್ಮನ ಸಾಸಿವೆ ಒಗ್ಗರಣೆಯ ಘಮ, ಬಾಗಿಲಲ್ಲಿ ಅಪ್ಪನ ಸೇಫ್ಟಿ ಬೂಟಿನ ಬೆವರು ವಾಸನೆ, ಇವೆರಡರ ನಡುವೆ ಲೇಸು ಕಟ್ಟುತ್ತಲೇ ದೋಸೆ ನುಂಗುವ ಅಪ್ಪ. ಶುಕ್ರವಾರ ರಜೆಯಿದ್ದರೂ ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತೇ ಉಣ್ಣುತ್ತಿದ್ದರು. ಇಪ್ಪತ್ತೆರಡು ವರ್ಷ ಬಸ್ಸು ಹಿಡಿದವರ ಕಾಲು ರಜೆಯನ್ನು ನಂಬುತ್ತಿರಲಿಲ್ಲವೋ ಏನೋ.

ಪ್ರತಿ ರಜೆಗೂ ಉಡುಪಿಗೆ ಹೋಗುತ್ತಿದ್ದ ನಾವು ನನಗೆ ಹತ್ತು ತುಂಬಿದ ವರ್ಷ ಜಪಾನಿನ ಕ್ಯೋಟೋಗೆ ಹೊರಟೆವು. ಅಪ್ಪ ಕೆಲಸ ಮಾಡುತ್ತಿದ್ದ ಪ್ಲಾಂಟಿನಲ್ಲಿ ಜೊತೆಗಿದ್ದ ಜಪಾನಿ ಎಂಜಿನಿಯರೊಬ್ಬರು ತಮ್ಮೂರಿನ ಹಳೆಯ ಮರದ ಗುಡಿಗಳ ಕತೆ ಹೇಳಿ ಹೇಳಿ ಅಪ್ಪನ ತಲೆ ಕೆಡಿಸಿದ್ದರು. ಅಮ್ಮ ಒಂದೇ ಷರತ್ತಿನ ಮೇಲೆ ಒಪ್ಪಿದಳು. "ನನಗೆ ಗುಡಿ ಗೋಪುರ ಎಂತದೂ ಬೇಡ ಮಾರಾಯ್ರೆ. ಅಲ್ಲಿಯಾದ್ರೂ ಒಂದು ಹೊತ್ತು ಮೂರೂ ಜನ ಒಟ್ಟಿಗೆ ಕೂತು ಉಣ್ಣುವ." ಅಪ್ಪ "ಆಯ್ತು, ಆಯ್ತು" ಎಂದರು, ಅದನ್ನೂ ನಿಂತುಕೊಂಡೇ.

ಮೂರು ದಿನ ನಾವು ಉಂಡದ್ದೆಲ್ಲ ನಡೆಯುತ್ತಲೇ. ಅಪ್ಪನ ಜೇಬಿನಲ್ಲಿ ನಿಮಿಷ ನಿಮಿಷದ ಲೆಕ್ಕದ ಪಟ್ಟಿ, ಬಾಯಲ್ಲಿ ಬೇಗ ಬೇಗ ಎನ್ನುವ ಅರಬ್ಬಿ "ಯಲ್ಲಾ, ಯಲ್ಲಾ". ಪಾಚಿ ಹಬ್ಬಿದ ಅಂಗಳ, ಕೊರಕಲು ಕಲ್ಲಿನ ಮೆಟ್ಟಿಲು, ಹಳೆಯ ಮರದ ಕಂಬಗಳಿಂದ ಬರುವ ಧೂಪದ ತಣ್ಣನೆ ವಾಸನೆ, ಎಲ್ಲವೂ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟೇ ಹೊತ್ತು ಕಂಡು ಮರೆಯಾದವು. ಬೆಟ್ಟದ ಮೇಲಿನ ಹೆಸರಾಂತ ಗುಡಿಯನ್ನು ಅಪ್ಪ ಬೇಕೆಂದೇ ಭಾನುವಾರಕ್ಕೆ ಇಟ್ಟುಕೊಂಡಿದ್ದರು. "ಭಾನುವಾರ ಎಲ್ಲರೂ ಡ್ಯೂಟಿಗೆ ಹೋಗಿರ್ತಾರೆ, ಗುಡಿ ಖಾಲಿ ಇರ್ತದೆ." ಶುಕ್ರವಾರ ರಜೆ, ಭಾನುವಾರ ಕೆಲಸ ಎಂದು ಬದುಕಿದ ನಮಗೆ ಮೂವರಿಗೂ ಅದರಲ್ಲಿ ತಪ್ಪು ಕಾಣಿಸಲಿಲ್ಲ ನೋಡಿ! ಅಲ್ಲಿಗೆ ಹೋದರೆ ಇಡೀ ಜಪಾನು ರಜೆ ಹಾಕಿ ಗುಡಿಗೆ ಹತ್ತುವ ಬೀದಿಗೆ ಬಂದಿತ್ತು.

ಅಪ್ಪ ನನ್ನ ಕೈ ಹಿಡಿದು ಜನರ ನಡುವೆ ನುಗ್ಗಿದರು. ಮೇಲೆ ತಲುಪಿ ತಿರುಗಿದರೆ ಅಮ್ಮ ಇಲ್ಲ. ಅವಳ ಹತ್ತಿರ ಫೋನಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಅಪ್ಪ ಅಮ್ಮನ ಹೆಸರು ಹಿಡಿದು ಕೂಗಿದರು. ಆ ಹೆಸರನ್ನು ಅಷ್ಟು ಜೋರಾಗಿ ನಾನು ಕೇಳಿದ್ದು ಅದೇ ಮೊದಲು. ನಾನು ಅತ್ತೆ. ಮೂರು ಸಲ ಮೇಲೆ ಕೆಳಗೆ ಓಡಾಡಿದ ಮೇಲೆ ಒಂದು ಪಿಂಗಾಣಿ ಅಂಗಡಿಯ ಪಕ್ಕದ ಮೆಟ್ಟಿಲಲ್ಲಿ ಅಮ್ಮ ಕಂಡಳು. ಮಡಿಲಲ್ಲಿ ಸ್ಟೀಲ್ ಡಬ್ಬ, ಅದರಲ್ಲಿ ಬೆಳಗ್ಗೆ ಕಲಸಿದ ಅವಲಕ್ಕಿ.

"ಎಲ್ಲಿಗೆ ಹೋಗಿದ್ದೆ?" ಅಪ್ಪ ನಿಂತುಕೊಂಡೇ ಕೇಳಿದರು.

"ನಾನು ಎಲ್ಲಿಗೂ ಹೋಗ್ಲಿಲ್ಲ. ಹೋದದ್ದು ನೀವು. ಇನ್ನು ಬಸ್ಸು ಹಿಡೀಲಿಕ್ಕೆ ಉಂಟಾ? ಕೂತ್ಕೊಳ್ಳಿ."

ಅಪ್ಪ ಕೂತರು. ಅಂಗಡಿಯ ಮುದುಕಿ ಮೂರು ಬಟ್ಟಲು ಹಸಿರು ಚಹಾ ತಂದಿಟ್ಟಳು, ಕಷಾಯದ ಹಾಗೆ ಕಹಿ. ಒಂದೇ ಡಬ್ಬದಿಂದ ಮೂವರೂ ತಿಂದೆವು. ಅಪ್ಪ ಪಟ್ಟಿ ತೆಗೆಯಲಿಲ್ಲ. ಬೆಟ್ಟದ ಗುಡಿಯನ್ನು ನಾವು ಕೊನೆಗೂ ಸರಿಯಾಗಿ ನೋಡಲೇ ಇಲ್ಲ. ನನ್ನ ಬಾಲ್ಯದಲ್ಲಿ ಅಷ್ಟು ಸುಖವಾದ ಹೊತ್ತು ಇನ್ನೊಂದಿಲ್ಲ.

ದೋಹಾಗೆ ಮರಳಿದ ಮರುದಿನವೇ ಅಪ್ಪ ಮತ್ತೆ ಬಾಗಿಲಲ್ಲಿ ನಿಂತು ದೋಸೆ ನುಂಗಿದರು. ನಾಲ್ಕು ವರ್ಷಕ್ಕೆ ಅಮ್ಮ ತೀರಿಕೊಂಡಳು. ಅಲ್ ಹಿಲಾಲ್‌ನ ಆ ಕಟ್ಟಡವನ್ನೂ ಕೆಡವಿದರು; ಮೊನ್ನೆ ಆ ಕಡೆ ಹೋದಾಗ ನಮ್ಮ ಅಡುಗೆಮನೆ ಇದ್ದಲ್ಲಿ ಕಾರುಗಳು ನಿಂತಿದ್ದವು.

ಈಗ ಅಪ್ಪ ನನ್ನ ಜೊತೆಗಿದ್ದಾರೆ. ಇವತ್ತು ಬೆಳಗ್ಗೆ ಅವಲಕ್ಕಿ ಕಲಸಿ, ಅದೇ ಸ್ಟೀಲ್ ಡಬ್ಬ ಮುಂದಿಟ್ಟುಕೊಂಡು ಕೂತಿದ್ದರು. ನಾನು ನಿಂತೇ ಕೈ ಹಾಕಿದೆ.

"ಕೂತು ತಿನ್ನು ಮಗಾ."

"ಬಸ್ಸು ಉಂಟು ಅಪ್ಪಾ."

"ನನಗೂ ಇತ್ತು," ಎಂದರು.

ನಾನು ಕೂತೆ. ಎರಡು ತುತ್ತು ತಿನ್ನುವಷ್ಟರಲ್ಲಿ ಹೊರಗೆ 'ಸ್ಸ್' ಎಂದಿತು. ಎದ್ದುಬಿಟ್ಟೆ.