ರೇಡಿಯೇಟರ್ ಯಾರ ಪಾಲಿಗೆ

ನಾವಿಬ್ಬರೂ ಅರಕಲಗೂಡಿನ ಒಂದು ಪ್ರೌಢಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆವು. ನಾನು ಕನ್ನಡ ಟೀಚರು, ಅವಳು ಪಿ.ಟಿ. ಟೀಚರು. ಇಬ್ಬರದೂ ಊರು ಹೊಳೆನರಸೀಪುರ. ನಮ್ಮದು ದೇವಸ್ಥಾನದ ಬೀದಿಯ ಮನೆ. ನಾನು, ಅಮ್ಮ ಇಬ್ಬರೇ. ಅವಳದು ಊರಾಚೆಯ ತೋಟದ ಮನೆ. ಗದ್ದೆ, ತೆಂಗು, ಮನೆ ತುಂಬ ಜನ. ಸೈಕಲ್ಲಿಗಿಂತ ಮೊದಲು ಟ್ರ್ಯಾಕ್ಟರ್ ಕಲಿತವಳು. ನನಗಿಂತ ಚಿಕ್ಕವಳಾದ್ದರಿಂದ ಶಾಲೆಯಲ್ಲಿ ಮೇಡಂ ಎಂದು ಕರೆದರೂ ಗೇಟು ದಾಟಿದ ಮೇಲೆ ಅಕ್ಕಾ ಎನ್ನುತ್ತಿದ್ದಳು.

ಬೆಳಗಿನ ಬಸ್ಸಿನಲ್ಲಿ ನಮಗೆ ಸೀಟು ಸಿಕ್ಕಿದ್ದು ಅಪರೂಪ. ಒಂದು ದಿನ ಅವಳ ವಾಲಿಬಾಲ್ ನೆಟ್ಟು ಯಾರದೋ ಟೊಮೇಟೊ ಚೀಲಕ್ಕೆ ಸಿಕ್ಕಿಕೊಂಡು, ಬಿಡಿಸುವಷ್ಟರಲ್ಲಿ ಬಸ್ಸು ನಮ್ಮ ಸ್ಟಾಪು ದಾಟಿ ಮುಂದಕ್ಕೆ ಹೋಯಿತು. ವಾಪಸು ನಡೆದು ಬರುತ್ತ ಅವಳು ಹೇಳಿದಳು.

"ಅಕ್ಕಾ, ಒಂದು ಕಾರ್ ತಕಬುಡಾನ. ಅರ್ಧ ನಂದು, ಅರ್ಧ ನಿಮ್ದು."

ತಮಾಷೆ ಅಂದುಕೊಂಡೆ. ಮುಂದಿನ ಭಾನುವಾರ ನನ್ನನ್ನು ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ವಕೀಲರ ಶೆಡ್ಡಿನಲ್ಲಿ ಬೆಳ್ಳಿ ಬಣ್ಣದ ಹಳೆಯ ಕಾರು ನಿಂತಿತ್ತು. ಹಿಂದೆ ದೊಡ್ಡ ಡಿಕ್ಕಿ ಇರುವ ಉದ್ದನೆಯ ಗಾಡಿ. ವಕೀಲರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಈ ಗಾಡಿ ಒಂದು ದಿನವೂ ನನಗೆ ತೊಂದರೆ ಕೊಟ್ಟಿಲ್ಲಮ್ಮ" ಎಂದರು. ಎಷ್ಟು ದಿನಕ್ಕೊಮ್ಮೆ ಓಡಿಸುತ್ತಿದ್ದಿರಿ ಎಂದು ಕೇಳಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ನನಗೆ ಸೀಟು ಹಿಡಿಸಿತು. ಅವಳಿಗೆ ಡಿಕ್ಕಿ ಹಿಡಿಸಿತು.

ಅರ್ಧರ್ಧ ದುಡ್ಡು ಹಾಕಿ ಕಾರು ಕೊಂಡು ಮನೆಗೆ ಬರುವ ದಾರಿಯಲ್ಲೇ ನನ್ನ ಪಕ್ಕದ ಗಾಜು ಸರ್ರನೆ ಬಾಗಿಲೊಳಗೆ ಇಳಿದುಹೋಗಿ ಮತ್ತೆ ಮೇಲೆ ಬರಲಿಲ್ಲ. ಆಗಲೇ ಅವಳು ಒಂದು ಒಪ್ಪಂದ ಮುಂದಿಟ್ಟಳು.

"ಎಂಜಿನ್ ಖರ್ಚು ನಂದು. ಮಿಕ್ಕಿದ್ದೆಲ್ಲ ನಿಮ್ದು. ಆಮೇಲೆ ಜಗಳ ಬ್ಯಾಡ."

ನನಗೆ ಲಾಭವೆಂದೇ ಕಂಡಿತು. ಎಂಜಿನ್ನು ದೊಡ್ಡದು, ಮಿಕ್ಕಿದ್ದೆಲ್ಲ ಚಿಕ್ಕಪುಟ್ಟದ್ದು ಎಂದು ನನ್ನ ಲೆಕ್ಕ. ಆದರೆ ಆ ಕಾರಿನ ಎಂಜಿನ್ನು ಬಲು ಗಟ್ಟಿ. ಕೆಡುತ್ತಿದ್ದದ್ದೆಲ್ಲ ಮಿಕ್ಕಿದ್ದೇ. ಗಾಜು ಆಯಿತು. ಟೈರು ಬದಲಾಯಿತು. ಬ್ಯಾಟರಿ ಒಂದು ಚಳಿಯ ಬೆಳಿಗ್ಗೆ ಕಣ್ಣುಮುಚ್ಚಿತು. ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಚಕ್ರದ ಹತ್ತಿರ ಲೊಟಲೊಟ ಸದ್ದು; ಸಸ್ಪೆನ್ಷನ್ನಿನ ರಬ್ಬರುಗಳು ಸವೆದಿದ್ದವು. ಎ.ಸಿ. ಹಾಕಿದರೆ ಧೂಳಿನ ವಾಸನೆಯ ಬಿಸಿಗಾಳಿ ಬರುತ್ತಿತ್ತು, ಅದನ್ನು ಮಾತ್ರ ಹಾಗೇ ಬಿಟ್ಟೆವು. ಕ್ಲಚ್ ಪ್ಲೇಟ್ ಹೋದಾಗ ಅದು ಗೇರಿನ ಕಡೆಯದು, ಎಂಜಿನ್ನಲ್ಲ ಎಂದು ಸಾಧಿಸಿ ಅದನ್ನೂ ನನ್ನ ತಲೆಗೇ ಕಟ್ಟಿದಳು. ನನಗೆ ಒಳಗೊಳಗೇ ಉರಿಯುತ್ತಿತ್ತು. ಆದರೂ ಬೆಳಿಗ್ಗೆ ಅವಳು ಮನೆ ಮುಂದೆ ಹಾರ್ನ್ ಮಾಡಿದರೆ, ಬಸ್‌ಸ್ಟ್ಯಾಂಡಿನ ಗುಂಪನ್ನು ಕಿಟಕಿಯಿಂದ ನೋಡುತ್ತ ಮುಂದೆ ಹೋಗುವ ಸುಖಕ್ಕೆ ಎಲ್ಲ ಮರೆತುಹೋಗುತ್ತಿತ್ತು.

ಹೀಗಿರುವಾಗ ರೇಡಿಯೇಟರ್ ಸೋರತೊಡಗಿತು. ಕಾರು ನಿಲ್ಲಿಸಿದ ಕಡೆಯೆಲ್ಲ ನೆಲದ ಮೇಲೆ ಅಂಗೈಯಗಲ ಒದ್ದೆ.

"ಇದು ನಿನ್ನದು ಕಣೇ" ಎಂದೆ. "ಎಂಜಿನ್ನಿಗೆ ತಾನೆ ನೀರು?"

"ನೀರು ಎಂಜಿನ್‌ಗೆ ಅಕ್ಕಾ. ಡಬ್ಬ ಎಂಜಿನ್‌ದಲ್ಲ. ಅದು ಮುಂದ್ಗಡೆ ಬೇರೆ ಕೂತದೆ, ನೋಡಿ."

ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟರನ್ನು ಕೇಳಿದರೆ, ಅವರು ನಮ್ಮಿಬ್ಬರ ಮುಖ ನೋಡಿ ಪರೀಕ್ಷೆ ಪೇಪರು ತಿದ್ದುವುದಿದೆ ಎಂದು ಎದ್ದು ಹೋದರು. ಕೊನೆಗೆ ಡಿಕ್ಕಿಯಲ್ಲಿ ಒಂದು ನೀರಿನ ಕ್ಯಾನು ಬಂದು ಕೂತಿತು. ದಿನಾ ಬೆಳಿಗ್ಗೆ ಅವಳು ನೀರು ಹಾಕುವುದು, ನಾನು ನೋಡಿಯೂ ನೋಡದಂತೆ ಇರುವುದು.

ಬೇಸಿಗೆ ರಜೆ ಬಂತು. ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಆ ವರ್ಷ ಗೋಷ್ಠಿಗಾಯನಕ್ಕೆ ಅಮ್ಮನ ಭಜನಾ ಮಂಡಳಿಯವರೂ ಸೇರಿದ್ದರು. ಹುಡುಗಿಯಾಗಿದ್ದಾಗ ಕಲಿತ ಪಾಠವನ್ನು ಅಡುಗೆಮನೆಯಲ್ಲೇ ಹಾಡಿಕೊಂಡು ಬಂದಿದ್ದ ಅಮ್ಮ ಮೊದಲ ಬಾರಿಗೆ ವೇದಿಕೆ ಹತ್ತುವವರಿದ್ದರು. ಮಂಡಳಿಯವರೆಲ್ಲ ಬೆಳಿಗ್ಗೆಯೇ ಬಸ್ಸಿಗೆ ಹೊರಟರು. ಅಮ್ಮನೂ ಅವರ ಜೊತೆ ಹೋಗುತ್ತೇನೆಂದರೆ ಅವಳು ಬಿಡಲಿಲ್ಲ.

"ನಮ್ ಕಾರ್ ಇರೋವಾಗ ನೀವ್ಯಾಕಮ್ಮ ಬಸ್ಸಲ್ಲಿ ನಲುಗ್ಬೇಕು? ಊಟ ಮಾಡ್ಕಂಡು ಆರಾಮಾಗಿ ಓಗಾನ."

ಅಮ್ಮ ಜರಿಯಂಚಿನ ಹಸಿರು ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಅರಕಲಗೂಡಿನವರೆಗೆ ಎಲ್ಲ ಸರಿಯಾಗಿತ್ತು. ರುದ್ರಪಟ್ಟಣದ ಕಡೆಗೆ ತಿರುಗಿ ಸ್ವಲ್ಪ ದೂರ ಹೋಗಿರಬೇಕು, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಅವಳು ಗಾಡಿಯನ್ನು ಒಂದು ಹೊಂಗೆಮರದ ನೆರಳಿಗೆ ತಂದು ನಿಲ್ಲಿಸಿದಳು. ನಾನು ಇಳಿದು, ಬಾನೆಟ್ಟು ಎತ್ತಿ, ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲು ಹೋದೆ.

"ಮುಟ್ಬ್ಯಾಡಿ ಅಕ್ಕಾ, ಮುಖಕ್ಕೇ ಚಿಮ್ತದೆ. ತಣ್ಣಗಾಗ್ಲಿ."

ಡಿಕ್ಕಿ ತೆಗೆದು ನೋಡಿದರೆ ಕ್ಯಾನು ಇರಲಿಲ್ಲ. ರಜೆಗೆ ಮುಂಚೆ ವಾಲಿಬಾಲುಗಳನ್ನು ಇಳಿಸುವಾಗ ಅದನ್ನೂ ಶಾಲೆಯಲ್ಲೇ ಇಳಿಸಿದ್ದೆವು. ಆಗ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳು ರಸ್ತೆ ಪಕ್ಕದ ಒಂದು ಮನೆಗೆ ಹೋಗಿ, ಆ ಮನೆಯ ಹೆಂಗಸಿನ ಜೊತೆ ಎರಡು ಬಿಂದಿಗೆ ನೀರು ಹೊತ್ತು ತಂದಳು. ಬಂದಾಕೆ ಸೀಟಿನಲ್ಲಿ ಸೆಟೆದು ಕೂತಿದ್ದ ಅಮ್ಮನನ್ನು ನೋಡಿ, "ಮದ್ವೆಗಾ ಅವ್ವಾ?" ಎಂದು ಕೇಳಿದರು.

"ಇಲ್ಲಮ್ಮ, ಹಾಡೋಕ್ಕೆ" ಎಂದರು ಅಮ್ಮ.

"ಅಂಗಾದ್ರೆ ಒಂದು ಪದ ಏಳಿ, ಅದು ತಣ್ಣಗಾಗಗಂಟ."

ಅಮ್ಮ ಸ್ವಲ್ಪ ನಾಚಿದರು. ಆಮೇಲೆ ಕಾರಿನ ಬಾಗಿಲು ತೆಗೆದು, ಕಾಲು ಹೊರಗಿಟ್ಟುಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದರು. ಆಕೆ ಬಿಂದಿಗೆಯ ಪಕ್ಕ ನೆಲದ ಮೇಲೆ ಕೂತು ಕೊನೆಯವರೆಗೂ ಕೇಳಿದರು.

ನೀರು ಹಾಕಿದ ಮೇಲೆ ಅವಳು ಸ್ಟೀರಿಂಗ್ ಮುಂದೆ ಕೂತು ಹೇಳಿದಳು. "ಇನ್ನು ಈಟರ್ ಆಕ್ಬೇಕು. ಎಂಜಿನ್ ಕಾವು ಒಳೀಕೆ ಎಳ್ಕಂಡ್ರೆ ಅದಕ್ಕೆ ಒಸಿ ಉಸ್ರಾಡಂಗಾಯ್ತದೆ. ಅಮ್ಮಾ, ನೀವು ಬೇಜಾರ್ ಮಾಡ್ಕಬ್ಯಾಡಿ."

ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಪೂರ್ತಿ ಹೀಟರ್. ಕಿಟಕಿಗಳನ್ನೆಲ್ಲ ಇಳಿಸಿದರೆ ಹಿಂದಿನ ಒಂದು ಇಳಿಯಲಿಲ್ಲ; ಅದು ನನ್ನ ಪಕ್ಕದ್ದೇ ಆಗಿತ್ತು. ಅಮ್ಮನ ಕುಂಕುಮ ಕರಗಿ ಮೂಗಿನವರೆಗೆ ಬಂತು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ನಿಮ್ಮಿಬ್ಬರಲ್ಲಿ ಇದು ಯಾರ ಪಾಲಿನ ರಿಪೇರಿ?" ಎಂದು ಕೇಳಿದರು.

ಅವಳು ರಸ್ತೆ ನೋಡುವುದರಲ್ಲಿ ಮುಳುಗಿದಳು, ನಾನು ಇಳಿಯದ ಗಾಜನ್ನು ಇಳಿಸುವುದರಲ್ಲಿ. ಅಮ್ಮನಿಗೆ ಎಲ್ಲ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವರ ಭುಜ ಕುಲುಕುವುದು ಹಿಂದಿನಿಂದ ಕಂಡಿತು. ಅಳುತ್ತಿದ್ದಾರೇನೋ ಎಂದು ನನಗೆ ಗಾಬರಿ. ಬಗ್ಗಿ ನೋಡಿದರೆ ನಗುತ್ತಿದ್ದರು. ಅವಳಿಗೂ ನಗು ಬಂತು, ನನಗೂ ಬಂತು. ಹಬೆಯಾಡುವ ಕಾರಿನಲ್ಲಿ ಮೂವರೂ ನಗುತ್ತ ರುದ್ರಪಟ್ಟಣ ಸೇರಿದೆವು.

ಮಂಡಳಿಯವರು ವೇದಿಕೆಯ ಪಕ್ಕದಲ್ಲಿ ಸಾಲಾಗಿ ನಿಂತಿದ್ದರು. ಅಮ್ಮ ಮುಖ ತೊಳೆದುಕೊಂಡು, ಯಾರದೋ ಕುಂಕುಮ ಇಟ್ಟುಕೊಂಡು ಸಾಲಿಗೆ ಸೇರುವುದಕ್ಕೂ ಅವರ ಸರದಿ ಬರುವುದಕ್ಕೂ ಸರಿಹೋಯಿತು. ಅಷ್ಟೊಂದು ದನಿಗಳ ನಡುವೆ ನನಗೆ ಅಮ್ಮನ ದನಿ ಬೇರೆಯಾಗಿ ಕೇಳುತ್ತಿತ್ತು. ನನ್ನ ಪಕ್ಕದಲ್ಲಿ ಅವಳು, ರಾಗ ತಾಳ ಒಂದೂ ಗೊತ್ತಿಲ್ಲದವಳು, ಬೆರಳಿನಿಂದ ಮೊಣಕಾಲು ಬಡಿಯುತ್ತ ಕೂತಿದ್ದಳು. ಕೆಳಗಿಳಿದು ಬಂದ ಅಮ್ಮ ಹೇಳಿದ್ದು ಒಂದೇ ಮಾತು.

"ಹಬೆ ತಗೊಂಡ ಹಾಗಾಯ್ತು ಕಣ್ರೇ. ಗಂಟಲು ಎಷ್ಟು ಚೆನ್ನಾಗಿ ಬಿಟ್ಕೊಂಡಿತ್ತು ಗೊತ್ತಾ?"

ವಾಪಸು ಹೋಗುವಾಗ ಮಾತ್ರ ಅಮ್ಮ ಮಂಡಳಿಯವರ ಜೊತೆ ಬಸ್ಸು ಹತ್ತಿದರು. ನಾವು ಬಿಸಿಲು ಇಳಿದ ಮೇಲೆ, ನೀರು ತುಂಬಿಸಿಕೊಂಡು, ನಿಲ್ಲಿಸಿ ನಿಲ್ಲಿಸಿ ಊರು ಸೇರಿದೆವು.

ಮರುದಿನ ಬೆಳಗಿನ ತಂಪಿನಲ್ಲಿ ಕಾರನ್ನು ನಿಧಾನವಾಗಿ ಹಾಸನಕ್ಕೆ ತೆಗೆದುಕೊಂಡು ಹೋದೆವು. ಮೆಕ್ಯಾನಿಕ್ ಬಗ್ಗಿ ನೋಡಿ, ರೇಡಿಯೇಟರಿನ ತಳ ತೂತು, ಅದರ ಫ್ಯಾನಿನ ಮೋಟರೂ ಸುಟ್ಟಿದೆ, ಎರಡೂ ಹೊಸದು ಹಾಕಬೇಕು ಎಂದರು. ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

"ಅಣ್ಣಾ, ರೇಡಿಯೇಟರ್ ಎಂಜಿನ್‌ಗೆ ಸೇರಿದ್ದಾ, ಅಲ್ವಾ?"

"ಎಂಜಿನ್ ಅಂದ್ರೆ ಎಂಜಿನ್. ಅಲ್ಲ ಅಂದ್ರೆ ಅಲ್ಲ. ದುಡ್ಡು ಕೊಡೋರು ಯಾರು, ಅದ್ನೇಳಿ ಮೇಡಂ."

"ಇಬ್ರೂ" ಎಂದೆ ನಾನು. ಅವಳು ನನ್ನ ಕಡೆ ನೋಡಿ, "ಊಂ, ಇಬ್ರೂ. ಇನ್ಮ್ಯಾಲೆ ಎಲ್ಲಾನೂ ಅರ್ಧರ್ಧ. ನಿಮ್ ಕ್ಲಚ್ಚಿಂದೂ ಅರ್ಧ ಕೊಟ್ಬುಡ್ತೀನಿ" ಎಂದಳು.

ವಾರ ಕಳೆದು ಕಾರು ಸಿಕ್ಕಿತು. ಹಾಸನದಿಂದ ಹೊರಟಾಗ ಬಿಸಿಯ ಮುಳ್ಳು ನಟ್ಟನಡುವೆ ನಿಂತಿತ್ತು. ಅದನ್ನೇ ನೋಡುತ್ತ ಅರ್ಧ ದಾರಿ ಬಂದೆವು. ಹೊಳೆನರಸೀಪುರ ಇನ್ನೇನು ಬಂತು ಎನ್ನುವಾಗ ಎಡಗಡೆ ಹಿಂದಿನ ಚಕ್ರದಿಂದ ಕಿರಕಿರ ಎಂದು ಹೊಸದೊಂದು ಸದ್ದು ಶುರುವಾಯಿತು.

"ಕೇಳುಸ್ತಾ ಅಕ್ಕಾ?"

"ಇಲ್ಲಪ್ಪ. ನಿನಗೆ?"

"ನಂಗೂ ಇಲ್ಲ ಬುಡಿ" ಎಂದು ಅವಳು ಕಿಟಕಿಯ ಗಾಜು ಏರಿಸಿದಳು.