ಎಡಸೀಟಿನ ಜೋಳದ ಚೀಲ

ಕೂಕಟ್‌ಪಲ್ಲಿಯಲ್ಲಿ ಚಕ್ರ ನೆಟ್ಟಗೆ ಮಾಡುವ ಅಲೈನ್‌ಮೆಂಟ್ ಅಂಗಡಿಯ ಯಂತ್ರ ನನ್ನ ಕಾರಿಗೆ ಕೆಂಪು ಶರಾ ಬರೆಯಿತು. ಸರಕಾರಿ ಕಚೇರಿಯಲ್ಲಿ ಜೀವಮಾನವಿಡೀ ಕೆಂಪು ಶರಾ ಬರೆದವನು ನಾನು, ಅದಕ್ಕೆ ಹೆದರುವವನಲ್ಲ.

ನನ್ನ ಅಪರಾಧ ಇಷ್ಟೇ. ತಿರುವಿನಲ್ಲಿ ಓಲಾಡಬಾರದೆಂದು ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರನ್ನು ಎರಡು ಬೆರಳು ತಗ್ಗಿಸಿದ್ದೆ. ಅದು ತಿರುವುಗಳಲ್ಲಿ ಸಭ್ಯವಾಯಿತು, ನೇರ ರಸ್ತೆಯಲ್ಲಿ ಅತ್ತಿತ್ತ ಅಲೆಯತೊಡಗಿತು. ನಾಂಪಲ್ಲಿಯ ಎಕ್ಸಿಬಿಷನ್‌ಗೆ ಹೋಗುವಾಗ ಒಂದು ಬಸ್ಸಿನ ಪಕ್ಕೆ ಸವರಿ ಬಂದೆವು.

"ತಮ್ಮನ ಮದುವಿಗೆ ನಾ ಕಾಚಿಗೂಡದಿಂದ ರೈಲಿಗೆ ಹೋಗ್ತೀನ್ರಿ," ಎಂದಳು ಹೆಂಡತಿ. "ನೀವು ನಿಮ್ಮ ಗಾಡಿ ಕೂಡ ರಾಯಚೂರಿಗೆ ಬರ್ರಿ."

ಮದುವೆಯಾದಂದಿನಿಂದ ಆ ಎಡಸೀಟು ಅವಳದು. ಅದನ್ನು ಖಾಲಿ ಒಯ್ದು ಮಾವನ ಮನೆ ಬಾಗಿಲಿಗೆ ನಿಲ್ಲಿಸುವುದಕ್ಕಿಂತ ನಡೆದೇ ಹೋದೇನು.

"ಪುರಾನಾ ಸ್ಪ್ರಿಂಗ್ ಡಾಲ್‌ಕೆ ಲಾವ್, ಸಾಬ್," ಎಂದ ಅಂಗಡಿಯವನು. ಹಳೇ ಸ್ಪ್ರಿಂಗ್ ಹಾಕಿಸಿಕೊಂಡು ಬರಬೇಕಂತೆ, ಕಂಪನಿಯ ಲೆಕ್ಕ ಬಿಟ್ಟು ಬೋಲ್ಟು ಮುಟ್ಟಲಾರನಂತೆ.

"ಖಾಲಿ ಗಾಡಿ ಅಳದಿ. ನಾ ಖಾಲಿ ಗಾಡಿ ಓಡಸ್ತೀನೇನು?" ಎಂದೆ, ಕನ್ನಡದಲ್ಲೇ. ಸಿಟ್ಟಿಗೆ ಅನುವಾದ ಸಿಗಲಿಲ್ಲ.

ಕೂತವರ ಭಾರಕ್ಕೆ ಕಾರು ಇನ್ನಷ್ಟು ಕುಸಿದು ಚಕ್ರಗಳು ನೋಡುವ ದಿಕ್ಕೇ ಬದಲಾಗುತ್ತದೆ. ಆದ್ದರಿಂದ ಭಾನುವಾರ ನಮ್ಮ ಅಂಗಳದಲ್ಲಿ ಕಾರಿನ ಎರಡೂ ಮಗ್ಗುಲಿಗೆ ದಾರ ಬಿಗಿದು, ನನ್ನ ಸೀಟಿನಲ್ಲಿ ಅಕ್ಕಿ ಚೀಲ, ಅವಳ ಸೀಟಿನಲ್ಲಿ ಜೋಳದ ಚೀಲ ಕೂರಿಸಿ, ಶಾಸ್ತ್ರೋಕ್ತವಾಗಿ ಬೆಲ್ಟು ಬಿಗಿದೆ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆಷ್ಟು, ಹಿಂದಿನ ಅಂಚಿಗೆಷ್ಟು ಎಂದು ಉಕ್ಕಿನ ಸ್ಕೇಲು ಹಿಡಿದು ಮಲಗಿದೆ. ಎರಡೂ ಸಮ ಬಂದರೆ ಚಕ್ರ ನೆಟ್ಟಗೆ.

"ರೊಟ್ಟಿಗೆ ಜೋಳ ಬೀಸಸಬೇಕು, ಚೀಲ ಎಲ್ಲೈತ್ರಿ?" ಹೆಂಡತಿ ಹೊರಗೆ ಬಂದಳು.

"ನಿನ್ನ ಸೀಟಿನ್ಯಾಗ."

ಚೀಲವನ್ನು ನೋಡಿದಳು. "ನಾ ಇಷ್ಟ ಅದೀನೇನು?"

"ಇಲ್ಲ. ಚೀಲ ಹತ್ತು ಕಿಲೋ ಕಮ್ಮಿ ಬಿದ್ದೈತಿ."

ಅವಳು ಬೆಲ್ಟು ಬಿಚ್ಚಿ ಚೀಲವನ್ನು ಕೆಳಗೆ ಎಳೆದು, ಮೆಂತ್ಯಸೊಪ್ಪಿನ ಮೊರ ತಂದು, ತಾನೇ ಕೂತಳು. "ಅಳೀರಿ. ಕುಂತೀನಂದ್ರ ಬರ್ತೀನಂತಲ್ಲ."

ಎರಡು ತಾಸು ಸೊಪ್ಪು ಸೋಸಿದಳು. ನಾನು ಚಕ್ರದ ದಿಕ್ಕು ತಿದ್ದುವ ರಾಡನ್ನು ಅರ್ಧ ಸುತ್ತು ತಿರುಗಿಸಿ, ಕಾರನ್ನು ಹಿಂದೆ ಮುಂದೆ ನೂಕಿ, ಮತ್ತೆ ಅಳೆದೆ. ದೇವರಾಣೆ, ಪ್ರತಿ ಸಲವೂ ಅವಳ ಸಮೇತವೇ ನೂಕಿದೆ.

ಮದುವೆಯ ಹಿಂದಿನ ದಿನ ಅವಳನ್ನು ರೈಲಿಗೆ ಬಿಡಲು ಹೊರಟೆ. ದಾರಿಯುದ್ದಕ್ಕೂ ಅವಳ ಕಣ್ಣು ಸ್ಟೀರಿಂಗಿನ ಮೇಲಿತ್ತು, ಅದು ಅಲುಗಲಿಲ್ಲ. ಕಾಚಿಗೂಡ ಸ್ಟೇಷನ್ನಿನ ಮುಂದೆ, ಮಾತಿಗೆ ತಪ್ಪದ ಮನುಷ್ಯನಂತೆ, ನಿಲ್ಲಿಸಿದೆ.

"ಯಾಕ ನಿಂತ್ರಿ?"

"ನಿನ್ನ ರೈಲು."

"ಎರಡು ತಾಸು ಕುಂತು ಅಳತಿ ಕೊಟ್ಟೀನಿ, ರೈಲಿನ್ಯಾಗ ಹೋಗಾಕೇನು?" ಟಿಕೀಟನ್ನು ಪರ್ಸಿನೊಳಗೆ ತುರುಕಿದಳು. "ನಡೀರಿ."